ಆನೆಗೆ ಮೂಗು ಒರೆಸುವ ಕೆಲಸ

ಮನುಷ್ಯನಿಗೆ ದುರ್ಬುದ್ಧಿ ಬರುವುದು ಹೊಟ್ಟೆ ಹಸಿದಾಗ ಅಂತ ತಿಳಿದವರು ಹೇಳುತ್ತಾರೆ. ಊರೆಲ್ಲ ಮಕ್ಕಳ ಮಾಮ ಅಂತ ಕರೆಯುವ ನಮ್ಮ ಮಾಮನಿಗೆ ಮಾತ್ರ ಅದು ಬಂದದ್ದು ಹೊಟ್ಟೆ ತುಂಬ ಉಂಡು, ಪೇಪರು ಹರಡಿಕೊಂಡು, ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದಾಗ. ಪೇಪರಿನ ಒಳಪುಟದಲ್ಲಿ ಒಂದು ಸುದ್ದಿ ಇತ್ತು. ಶಾಲೆಗೆ ಹೋಗುವ ವಯಸ್ಸಾಗದ ಪುಟ್ಟ ಮಕ್ಕಳನ್ನು ನೋಡಿಕೊಂಡು ಕಲಿಸುವವರ ಸಂಬಳ ತೀರಾ ಕಡಿಮೆ ಅಂತ ಸರ್ಕಾರಕ್ಕೆ ಕೊನೆಗೂ ಗೊತ್ತಾಗಿದೆಯಂತೆ. ಅದನ್ನು ಏರಿಸಲು ಅನುದಾನ ಕೊಡುತ್ತದಂತೆ. ಒಬ್ಬೊಬ್ಬರೂ ಅರ್ಜಿ ಹಾಕಿಕೊಳ್ಳಬೇಕಂತೆ.

"ಲೇ, ಬಾರೇ ಇಲ್ಲಿ!" ಅಂತ ಮಾಮ ಹೆಂಡತಿಯನ್ನು ಕೂಗಿದ.

"ಈಗೇನು ಕಳ್ಕೊಂಡ್ರಿ?" ಅಂತ ಅವಳು ಹೊಲಿಗೆ ಮಷೀನಿನ ಮುಂದಿನಿಂದಲೇ ಕೇಳಿದಳು.

ಪ್ರಶ್ನೆ ಒರಟಾಯಿತು ಅಂತ ಯಾರೂ ಅವಳನ್ನು ದೂರಬಾರದು. ಕಾಗದ ಹಾಕಲು ಹೋಗಿ, ಮನೆಯ ಬೀಗದಕೈಯನ್ನು ಅಂಚೆ ಡಬ್ಬಿಗೆ ಹಾಕಿ, ಕಾಗದವನ್ನು ಕೈಯಲ್ಲಿ ಹಿಡಿದು ಮನೆಬಾಗಿಲ ಮುಂದೆ ಬಹಳ ಹೊತ್ತು ಯೋಚಿಸುತ್ತ ನಿಂತಿದ್ದ ಮಹಾನುಭಾವನ ಹೆಂಡತಿ ಅವಳು. ಆ ಮನುಷ್ಯ ಕೂಗಿದರೆ ಇನ್ನೇನು ಕೇಳಬೇಕು?

"ಕಳ್ಕೊಂಡಿಲ್ಲ ಕಣೇ. ಸರ್ಕಾರ ನನ್ನ ನೆನೆಸ್ಕೊಂಡಿದೆ."

"ಹಾಗಾದ್ರೆ ನನ್ನ ಮಾತೂ ನೆನಪಿರ್ಲಿ," ಅಂದಳು ಅವಳು, ಸೂಜಿಗೆ ದಾರ ಪೋಣಿಸಲು ನಾಲ್ಕನೇ ಸಲ ಕಣ್ಣು ಕಿರಿದು ಮಾಡಿಕೊಂಡು. "ಸಂಬಳ ಏರಿದ್ರೆ ಸರಿ. ಏರದಿದ್ರೆ ಒಂದನೇ ತಾರೀಖಿನಿಂದ ಅಣ್ಣನ ಗೋಡೌನು. ನನ್ನ ಕಣ್ಣು ಇನ್ನು ಈ ಕೆಲಸಕ್ಕೆ ಬರಲ್ಲ ರೀ."

ಮಾಮ ಪೇಪರನ್ನು ಮಡಿಸಿ ತಲೆಯಾಡಿಸಿದ. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದೇ ಅವನ ಕಷ್ಟ. ಅವಳ ಅಣ್ಣ, ಅಂದರೆ ಊರಿಗೆಲ್ಲ ಗೋಡೌನ್ ಭಾವ ಎಂದೇ ಗೊತ್ತಿರುವ ಭಾರೀ ಆಸಾಮಿ, ಪ್ಲಾಸ್ಟಿಕ್ ಬಕೆಟ್ಟು, ಕುರ್ಚಿಗಳ ಸಗಟು ವ್ಯಾಪಾರಿ. ಅವನು ಮಾತಾಡಿದರೆ ಖಾಲಿ ಬಕೆಟ್ಟುಗಳು ಗುಂಯ್ ಅನ್ನುತ್ತಿದ್ದವು. "ಭಾವ, ಗೋಡೌನ್‌ನಲ್ಲಿ ಬಂದು ಕೂತ್ಕೊಳ್ಳಿ. ಬಂದ ಮಾಲು, ಹೋದ ಮಾಲು ನೋಡ್ಕೊಳ್ಳಿ. ಆ ಮಕ್ಕಳ ಮೂಗು ಒರೆಸಿದ್ದು ಸಾಕು," ಅಂತ ಅವನು ವರ್ಷವರ್ಷವೂ ಕರೆಯುತ್ತಿದ್ದ. ಮಾಮ ವರ್ಷವರ್ಷವೂ "ಈ ವರ್ಷದ ಮಕ್ಕಳು ದೊಡ್ಡ ಶಾಲೆಗೆ ಹೋಗ್ಲಿ, ಆಮೇಲೆ ನೋಡೋಣ ಭಾವ," ಅನ್ನುತ್ತಿದ್ದ. ಆ ಮಕ್ಕಳು ಹೋಗುವ ಹೊತ್ತಿಗೆ ಹೊಸ ಮಕ್ಕಳು ಬಂದಿರುತ್ತಿದ್ದವು. ಹೀಗೇ ತಲೆಗೂದಲು ಬೆಳ್ಳಗಾಗಿತ್ತು.

ಮಾಮ ಕೆಲಸ ಮಾಡುತ್ತಿದ್ದ ಆ ‘ಮಕ್ಕಳ ಮನೆ’ ಹೇಗಿತ್ತು ಅಂತ ಒಂದಿಷ್ಟು ಹೇಳಲೇಬೇಕು. ಬೀದಿಯ ತಿರುವಿನಲ್ಲಿ ಹಳೆಯ ಬಾಡಿಗೆ ಮನೆ. ಒಳಗೆ ಕಾಲಿಟ್ಟರೆ ಒದ್ದೆ ಜೇಡಿಮಣ್ಣು, ಸೋಪು, ಬಿಸ್ಕತ್ತು ಮೂರರ ವಾಸನೆ ಸೇರಿ ಒಂದೇ ವಾಸನೆಯಾಗಿರುತ್ತಿತ್ತು. ಮೊಣಕಾಲೆತ್ತರದ ಕುರ್ಚಿಗಳು. ಸೊಂಟದೆತ್ತರಕ್ಕೆ ಗೋಡೆಯುದ್ದಕ್ಕೂ ಗೂಟಗಳು, ಒಂದೊಂದು ಗೂಟದ ಮೇಲೂ ಒಂದೊಂದು ಚಿತ್ರ. ಆ ಮನೆ ನಡೆಸುತ್ತಿದ್ದ ದೊಡ್ಡಕ್ಕ ಮಾಡಿದ ಪದ್ಧತಿ ಅದು. ಓದಲು ಬಾರದ ಮಗುವಿಗೆ ಹೆಸರು ಬರೆದು ಏನು ಪ್ರಯೋಜನ? ಸೇರಿದ ದಿನವೇ ಒಂದು ಚಿತ್ರ ಕೊಡುತ್ತಿದ್ದರು. ಆಮೇಲೆ ಚೀಲ, ಚಾಪೆ, ಲೋಟ, ಟವಲು ಎಲ್ಲದರ ಮೇಲೂ ಅದೇ ಚಿತ್ರ.

ನಮ್ಮ ಮಾಮನಿಗೆ ಹೆಸರುಗಳು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಚಿತ್ರ ಮಾತ್ರ ಒಂದು ಸಲ ಹತ್ತಿಕೊಂಡರೆ ಸಾಯುವವರೆಗೂ ಬಿಡದು. ಊರಿನ ಅರ್ಧ ಜನ ಆ ಗೂಟಗಳಿಗೆ ಚೀಲ ಹಾಕಿಯೇ ಬೆಳೆದವರು. ಬ್ಯಾಂಕಿನ ಕ್ಯಾಷಿಯರ್‌ಗೆ ಈಗ ದಪ್ಪ ಮೀಸೆ, ಬೊಕ್ಕತಲೆ, ಇಬ್ಬರು ಮಕ್ಕಳು. ಮಾಮನಿಗೆ ಅವನು ಇನ್ನೂ ಬಾತುಕೋಳಿಯೇ. "ಏನಪ್ಪಾ ಬಾತುಕೋಳಿ, ಗುಂಡಿ ಸರಿಯಾಗಿ ಹಾಕ್ಕೊಂಡಿದೀಯಾ?" ಅಂತ ಮಾಮ ಕೌಂಟರಿನ ಈಚೆಯಿಂದ ಕೂಗಿದರೆ ಕ್ಯಾಷಿಯರ್ ಮೊದಲು ಬಗ್ಗಿ ಶರ್ಟಿನ ಗುಂಡಿ ನೋಡಿಕೊಳ್ಳುತ್ತಿದ್ದ, ನಾಚಿಕೆ ಪಡುತ್ತಿದ್ದದ್ದು ಆಮೇಲೆ. ಚೌಕದ ಟ್ರಾಫಿಕ್ ಪೊಲೀಸು ಗಾಳಿಪಟ. ಇವರೆಲ್ಲ ಎದುರಿಗೆ ಮುಖ ಗಂಟಿಕ್ಕುತ್ತಿದ್ದರು ನಿಜ. ಆದರೆ ಮನಸ್ಸು ಸರಿಯಿಲ್ಲದ ದಿನ ಯಾಕೋ ಆ ಬೀದಿಯಲ್ಲೇ ಸುತ್ತು ಹಾಕಿಕೊಂಡು ಮನೆಗೆ ಹೋಗುತ್ತಿದ್ದರು.

ಇರಲಿ. ಅರ್ಜಿಯ ವಿಷಯಕ್ಕೆ ಬರೋಣ.

"ನಿಂದೂ ನಾನೇ ತುಂಬಿಬಿಡ್ತೀನಿ. ನೀನು ಸಹಿ ಹಾಕು, ಸಾಕು," ಅಂದರು ದೊಡ್ಡಕ್ಕ. ಅನುಭವದ ಮಾತು.

ಮಾಮನಿಗೆ ಅಭಿಮಾನ ಉಕ್ಕಿತು. "ಅಕ್ಕಾ, ಇಷ್ಟು ವರ್ಷ ಶಿಕ್ಷಣ ಕ್ಷೇತ್ರದಲ್ಲಿ ಇದ್ದೀನಿ. ಒಂದು ಅರ್ಜಿ ತುಂಬೋಕೆ ಬರಲ್ವಾ ನನಗೆ?"

ಶಿಕ್ಷಣ ಕ್ಷೇತ್ರ ಅನ್ನುವ ಮಾತನ್ನು ಅವನು ಅದೇ ಪೇಪರಿನಿಂದ ಎತ್ತಿಕೊಂಡಿದ್ದ. ದೊಡ್ಡಕ್ಕ ಅವನ ಮುಖವನ್ನೊಮ್ಮೆ, ಅವನ ಕಾಲಲ್ಲಿದ್ದ ಎರಡು ಬೇರೆ ಬೇರೆ ಚಪ್ಪಲಿಗಳನ್ನೊಮ್ಮೆ ನೋಡಿ ಅರ್ಜಿಯ ಹಾಳೆಯನ್ನು ಅವನ ಕೈಗೆ ಕೊಟ್ಟರು.

ಮಾಮ ಗಂಭೀರವಾಗಿ ಕೂತು ತುಂಬಿದ. ಸಂಸ್ಥೆಯ ಹೆಸರು ಬರೆಯುವ ಜಾಗದಲ್ಲಿ ತನ್ನ ಹೆಸರು ಬರೆದ. ತನ್ನ ಹೆಸರಿನ ಜಾಗದಲ್ಲಿ "ಮೇಲೆ ಬರೆದಿದೆ" ಅಂತ ಬರೆದ. ವಿಳಾಸ ಮಾತ್ರ ಸರಿಯಾಗಿ ಬರೆದ. ಅನಾಹುತಕ್ಕೆ ಅಷ್ಟು ಸಾಕು. ಮುಂದಿನ ಅಂಕಣದಲ್ಲಿ ಮಕ್ಕಳು ಅಂತ ಸಲೀಸಾಗಿ ಹೇಳಲು ಸರ್ಕಾರಕ್ಕೆ ಸಂಕೋಚವಾಯಿತೇನೋ, "ಆರೈಕೆಯಲ್ಲಿರುವ ಫಲಾನುಭವಿಗಳ ವಿವರ ಹಾಗೂ ತಾವು ನಿರ್ವಹಿಸುವ ಕೆಲಸ" ಅಂತ ಅಚ್ಚಾಗಿತ್ತು. ಮಾಮ ತನ್ನ ದುಂಡಗಿನ ಅಕ್ಷರದಲ್ಲಿ, ಒಂದು ಚಿತ್ತೂ ಇಲ್ಲದೆ, ಹೀಗೆ ಬರೆದ:

"ಆನೆ. ಸದಾ ನೆಗಡಿ. ದಿನಕ್ಕೆ ಹಲವು ಸಲ ಮೂಗು ಒರೆಸುವುದು. ಮೊಲ ಎರಡು, ಅವಳಿ. ಒಂದು ಕಚ್ಚುತ್ತದೆ. ಕರಡಿ ಮಧ್ಯಾಹ್ನ ತಾನೂ ಮಲಗುವುದಿಲ್ಲ, ಬೇರೆಯವರನ್ನೂ ಮಲಗಗೊಡುವುದಿಲ್ಲ. ಮೊಸಳೆಗೆ ನೀರು ಕಂಡರೆ ಭಯ. ಸಿಂಹ ಹೊಸದು. ಬಾಗಿಲಲ್ಲಿ ನಿಂತು ಅಳುತ್ತದೆ. ಎತ್ತಿಕೊಂಡರೆ ಸುಮ್ಮನಾಗುತ್ತದೆ. ಎಲ್ಲವನ್ನೂ ಒಂದೇ ಕೋಣೆಯಲ್ಲಿ ಮಲಗಿಸುತ್ತೇನೆ. ಇದುವರೆಗೆ ಯಾವ ಅನಾಹುತವೂ ಆಗಿಲ್ಲ."

ಅನುದಾನದ ಕಚೇರಿಯ ಗುಮಾಸ್ತ ಇದನ್ನು ಓದಿ, ಒಂದು ಲೋಟ ನೀರು ಕುಡಿದು, ಮತ್ತೊಮ್ಮೆ ಓದಿ, ಪಕ್ಕದ ಮೇಜಿನವನಿಗೆ ತೋರಿಸಿದ. ಪಕ್ಕದ ಮೇಜಿನವನು "ಇದು ನಮ್ಮದಲ್ಲ," ಅಂದ. ಸರ್ಕಾರಿ ಕಚೇರಿಗಳಲ್ಲಿ ಮಿಂಚಿನ ವೇಗದಲ್ಲಿ ಆಗುವ ತೀರ್ಮಾನ ಇದೊಂದೇ. ಅರ್ಜಿ ಹಾರಿತು. ಮಾಮನಿಗೆ ಒಂದು ಕಾಗದ ಬಂತು: "ತಮ್ಮ ಅರ್ಜಿಯನ್ನು ಸೂಕ್ತ ಕ್ರಮಕ್ಕಾಗಿ ಸಂಬಂಧಪಟ್ಟ ಇಲಾಖೆಗೆ ಕಳುಹಿಸಲಾಗಿದೆ. ಅಧಿಕಾರಿಗಳು ಗುರುವಾರ ಸ್ಥಳ ಪರಿಶೀಲನೆಗೆ ಬರುವರು."

ಆ ಕಾಗದ ಹಿಡಿದು ಮಾಮ ಗೋಡೌನಿಗೇ ಹೋದ.

"ನೋಡಿ ಭಾವ. ದೊಡ್ಡಕ್ಕನ ಅರ್ಜಿನೆಲ್ಲ ಸುಮ್ನೆ ತಗೊಂಡು ಇಟ್ಕೊಂಡ್ರು. ನನ್ನೊಬ್ಬನದಕ್ಕೆ ಮಾತ್ರ ಅಧಿಕಾರಿಗಳೇ ಎದ್ದು ಬರ್ತಿದಾರೆ! ನೀವೂ ಬಂದು ನೋಡ್ಬೇಕು."

ಗೋಡೌನ್ ಭಾವ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ. "ಗುರುವಾರವೇ ಅರ್ಜಿಗೆ ಕೊನೇ ದಿನ ಅಂತ ಪೇಪರಲ್ಲಿತ್ತಲ್ಲ? ಸರಿ, ಬರ್ತೀನಿ. ಸಂಬಳ ಏರಿದ್ರೆ ನನಗೂ ಸಂತೋಷ. ಏರದಿದ್ರೆ ಅಲ್ಲಿಂದ ಹಾಗೇ ಗೋಡೌನ್‌ಗೆ ಕರ್ಕೊಂಡ್ ಬಂದುಬಿಡ್ತೀನಿ. ಎರಡೆರಡು ಸಲ ಓಡಾಡೋದು ಯಾಕೆ?"

ಗುರುವಾರ ಅವನು ಬೆಳಿಗ್ಗೆಯೇ ಬಂದ. ಮೇಲ್ವಿಚಾರಣೆಗೆ ಬಂದವನಂತೆ ಹೊಟ್ಟೆ ಮುಂದೆ ಮಾಡಿ ಜಗಲಿಯ ಮೇಲೆ ನಿಂತ. ದೊಡ್ಡಕ್ಕನಿಗೆ ಸುಮ್ಮನೆ ನಿಂತವರನ್ನು ಕಂಡರೆ ಆಗದು. "ಇಲ್ಲಿ ನೋಡ್ತಾ ನಿಲ್ಲೋ ಪದ್ಧತಿ ಇಲ್ಲಪ್ಪ. ಚಪ್ಪಲಿ ಬಿಟ್ಟು ಒಳಗೆ ಬನ್ನಿ. ಆ ಚಾಪೆಗಳನ್ನ ಹಾಸಿ," ಅಂದರು. ಹತ್ತಾರು ಆಳುಗಳನ್ನು ಗದರಿಸುವ ಮನುಷ್ಯ ಯಾಕೋ ಬಾಯಿ ಬಿಡದೆ ಚಪ್ಪಲಿ ಕಳಚಿದ.

ಮಧ್ಯಾಹ್ನ ಮಕ್ಕಳೆಲ್ಲ ಮಲಗಿದ್ದ ಹೊತ್ತು. ಮಾಮ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಜಗಲಿಯಲ್ಲಿ ಕಾಯುತ್ತಿದ್ದ. ಒಂದು ವ್ಯಾನು ಬಂದು ನಿಂತಿತು. ಅದರ ಹಿಂಭಾಗ ಪೂರ್ತಿ ಕಬ್ಬಿಣದ ಸರಳಿನ ಬೋನು. ಮುಂದಿನಿಂದ ಸಣಕಲು ದೇಹದ, ಸಾಧು ಮುಖದ ಅಧಿಕಾರಿ ಇಳಿದರು. ಮೊಣಕೈವರೆಗೂ ದಪ್ಪ ಕೈಗವಸು ಹಾಕಿಕೊಂಡಿದ್ದರು. ಹಿಂದೆಯೇ ವಯಸ್ಸಾದ ಡ್ರೈವರು ಒಂದು ಬಲೆ ಹಿಡಿದು ಇಳಿದ. ಮಾಮನಿಗೆ ಬಲೆ ಕಂಡಿತು. ಆದರೆ ಸಂಬಳ ಏರಿಸಲು ಸರ್ಕಾರ ಏನೇನು ಸಾಮಾನು ತರುತ್ತದೆ ಅಂತ ಅವನಿಗೇನು ಗೊತ್ತು?

"ಎಲ್ಲಿವೆ?" ಅಂತ ಅಧಿಕಾರಿ ಪಿಸುದನಿಯಲ್ಲಿ ಕೇಳಿದರು.

"ಒಳಗೆ ಮಲಗಿವೆ ಸಾರ್," ಅಂತ ಮಾಮನೂ ಪಿಸುಗುಟ್ಟಿದ.

"ಕಟ್ಟಿ ಹಾಕಿದೀರಾ?"

"ಅಯ್ಯೋ! ಹಾಗೆಲ್ಲ ಮಾಡಲ್ಲ ಸಾರ್ ನಾವು. ಒಂದು ಏಟು ಕೂಡ ಹಾಕಲ್ಲ. ಪ್ರೀತಿಯಿಂದ ಹೇಳಿದ್ರೆ ಕೇಳ್ತವೆ."

ಅಧಿಕಾರಿ ಒಂದು ಹೆಜ್ಜೆ ಹಿಂದೆ ಸರಿದರು. "ಸಿಂಹ?"

"ಅದು ಸ್ವಲ್ಪ ತೊಂದರೆ ಕೊಡ್ತಿದೆ. ಹೊಸದಲ್ವಾ. ಈಗ ನಮ್ಮ ಭಾವನ ತೊಡೆ ಮೇಲೆ ಮಲಗಿದೆ."

ಡ್ರೈವರು ಬಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅಧಿಕಾರಿ ಹಣೆ ಒರೆಸಿಕೊಳ್ಳಲು ಹೋಗಿ ದಪ್ಪ ಕೈಗವಸಿನಿಂದ ಕನ್ನಡಕ ಬೀಳಿಸಿಕೊಂಡರು. "ರಾತ್ರಿ ಹೊತ್ತು ಎಲ್ಲಿ ಇರ್ತವೆ?"

"ಸಂಜೆ ಅವರವರ ತಾಯಂದಿರು ಬಂದು ಕರ್ಕೊಂಡು ಹೋಗ್ತಾರೆ."

"ಸಿಂಹದ ತಾಯೀನೂ ಇಲ್ಲಿಗೆ ಬರುತ್ತಾ?"

"ಆಯಮ್ಮ ಬರೋದು ಸ್ವಲ್ಪ ತಡ ಸಾರ್. ಆಸ್ಪತ್ರೇಲಿ ನರ್ಸು."

ಅಧಿಕಾರಿಯ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಅಷ್ಟರಲ್ಲಿ ಎದುರುಮನೆ ಟೈಲರು ಅಳತೆ ಟೇಪು ಕೊರಳಲ್ಲೇ ಇಟ್ಟುಕೊಂಡು ಓಡಿಬಂದಿದ್ದ. ಅವನ ಹಿಂದೆ ಅವನ ಗಿರಾಕಿ, ಒಂದೇ ತೋಳಿನ ಅಂಗಿಯಲ್ಲಿ. "ಸಿಂಹವಂತೆ! ನಾನು ಆವಾಗ್ಲೇ ಅಂದೆ, ಮಧ್ಯಾಹ್ನ ಮಧ್ಯಾಹ್ನ ಎಂಥದ್ದೋ ಕೂಗು ಕೇಳುತ್ತೆ ಅಂತ!" ಅಂದ ಟೈಲರು. ಆ ಕೂಗನ್ನು ಅವನು ಇಷ್ಟು ವರ್ಷ ಮಕ್ಕಳ ಅಳು ಅಂತಲೇ ತಿಳಿದಿದ್ದ. ಬೋನು ಕಂಡ ಮೇಲೆ ಜ್ಞಾನೋದಯವಾಯಿತು. ಕಂಡವರೆಲ್ಲ ಕಾಣದವರಿಗೆ ಹೇಳಿ, ಮನೆಯ ಓನರ್ ಕೂಡ ಏದುಸಿರು ಬಿಡುತ್ತ ಬಂದರು.

"ರೀ ಮಾಮ! ಬಾಡಿಗೆ ಕರಾರಿನಲ್ಲಿ ಬೆಕ್ಕು ಸಾಕಬಾರದು ಅಂತ ಬರೆಸಿದೀನಿ! ಆನೆ ಯಾವ ಬಾಗಿಲಿಂದ ತಂದ್ರಿ?"

"ಮುಂದಿನ ಬಾಗಿಲಿಂದಾನೇ ಬರುತ್ತೆ ಓನರೇ. ಅವರಪ್ಪ ಸೈಕಲ್ ಮೇಲೆ ತಂದು ಬಿಡ್ತಾರೆ," ಅಂದ ಮಾಮ. ಇಷ್ಟು ಜನ ತನ್ನ ಸಂಬಳದ ವಿಷಯದಲ್ಲಿ ಆಸಕ್ತಿ ತೋರಿಸಿದ್ದು ಅವನಿಗೆ ಒಳಗೊಳಗೇ ಹಿಗ್ಗು.

ಓನರ್ ಜಗಲಿಯ ಕಂಬ ಹಿಡಿದುಕೊಂಡು ಕೂತರು. ಗದ್ದಲ ಏರಿತು. ಆಗ ಬಾಗಿಲು ಕಿರ್ರೆಂದು ತೆರೆಯಿತು. ಜನ ಒಬ್ಬರ ಕಾಲ ಮೇಲೊಬ್ಬರು ಬಿದ್ದು ಹಿಂದಕ್ಕೆ ಹೋದರು. ಬಾಗಿಲಲ್ಲಿ ತುಟಿಯ ಮೇಲೆ ಬೆರಳಿಟ್ಟುಕೊಂಡು ದೊಡ್ಡಕ್ಕ.

"ಶ್! ಯಾರದು ಗಲಾಟೆ? ಕರಡಿ ಈಗ ತಾನೇ ಕಣ್ಣು ಮುಚ್ಚಿದೆ!"

ಡ್ರೈವರು ಬಲೆ ಎತ್ತಿದ. ದೊಡ್ಡಕ್ಕನ ಸೀರೆಯ ಹಿಂದಿನಿಂದ ಮುಷ್ಟಿಯಷ್ಟು ಗಾತ್ರದ ಒಂದು ಹೆಣ್ಣುಮಗು ಕಣ್ಣುಜ್ಜಿಕೊಳ್ಳುತ್ತ ಹೊರಗೆ ಬಂತು. ಜನರನ್ನೂ ಬಲೆಯನ್ನೂ ಲೆಕ್ಕಕ್ಕೇ ಇಡದೆ ನೆಟ್ಟಗೆ ಮಾಮನ ಹತ್ತಿರ ಹೋಗಿ ಮುಖ ಮೇಲೆತ್ತಿತು.

"ಮಾಮ, ಮೂಗು."

ಮಾಮ ಕರವಸ್ತ್ರ ತೆಗೆದು ಹದವಾಗಿ ಒರೆಸಿದ. ಆಮೇಲೆ ಅಧಿಕಾರಿಯ ಕಡೆ ತಿರುಗಿ ಅಭಿಮಾನದಿಂದ, "ಇದೇ ಸಾರ್ ಆನೆ," ಅಂದ.

ಮೊದಲು ನಕ್ಕವನು ಡ್ರೈವರು. ಆಮೇಲೆ ಇಡೀ ಬೀದಿ ಬಿದ್ದು ಬಿದ್ದು ನಕ್ಕಿತು. ಅಧಿಕಾರಿ ಮೆಟ್ಟಿಲ ಮೇಲೆ ಕುಸಿದು ಕೂತು ಕಣ್ಣೀರು ಬರುವವರೆಗೆ ನಕ್ಕರು. ನಗದವನು ಮಾಮ ಒಬ್ಬನೇ.

"ಹಾಗಾದ್ರೆ ನೀವು ಸಂಬಳದೋರಲ್ವಾ ಸಾರ್?"

"ನಾನು ಪ್ರಾಣಿಗಳ ಡಾಕ್ಟರು ಕಣ್ರೀ!" ಅಂದರು ಅಧಿಕಾರಿ. ಮಾಮನ ಮುಖ ನೋಡಿ ನಗುವನ್ನು ಅಲ್ಲಿಗೇ ನುಂಗಿಕೊಂಡರು. "ನಿಮಗೆ ಒಂದು ಮಾತು ಹೇಳ್ಲಾ? ಇವು ನಿಜವಾದ ಕರಡಿ, ಸಿಂಹ ಆಗಿದ್ದಿದ್ರೆ ಇವತ್ತೇ ನಿಮ್ಮನ್ನ ಕೆಲಸಕ್ಕೆ ತಗೊಳ್ತಿದ್ದೆ. ನಮ್ಮಲ್ಲಿ ಬೋನು ತೊಳೆಯೋನಿಗೂ ನಿಮಗಿಂತ ಜಾಸ್ತಿ ಸಂಬಳ. ಇವು ಮನುಷ್ಯರ ಮಕ್ಕಳಾಗಿ ಹೋದ್ವು, ಏನು ಮಾಡ್ಲಿ?"

ಇದನ್ನು ಕೇಳಿ ಯಾರೂ ನಗಲಿಲ್ಲ. ಮಾಮ ಜಗಲಿಯ ಅಂಚಿನಲ್ಲಿ ಕೂತ. ಇವತ್ತೇ ಕೊನೆಯ ದಿನ. ಒಂದನೇ ತಾರೀಖಿಗೆ ಬಕೆಟ್ಟುಗಳ ನಡುವೆ ಕೂತಿರುವ ತನ್ನ ಚಿತ್ರ ಅವನ ಕಣ್ಣಿಗೆ ಕಟ್ಟಿತು. ಬಕೆಟ್ಟು ಅಳುವುದಿಲ್ಲ, ಎತ್ತಿಕೋ ಅನ್ನುವುದಿಲ್ಲ.

"ಐದಕ್ಕೆ ಅನುದಾನದ ಕಚೇರಿ ಮುಚ್ಚುತ್ತೆ. ದಾರಿ ತಪ್ಪಿ ಬಂದ ಫೈಲನ್ನ ನಾನು ಹೇಗಿದ್ರೂ ವಾಪಸ್ ಕೊಡ್ಬೇಕು. ಏಳಿ, ನಡೀರಿ!" ಅಂದರು ಡಾಕ್ಟರು.

ಆಗ ಗೋಡೌನ್ ಭಾವ ಹೊರಗೆ ಬಂದ. ಬಂದವನು ಬೆಳಿಗ್ಗೆ ಒಳಗೆ ಹೋದ ಭಾವನಲ್ಲ. ಶರ್ಟು ಮುದ್ದೆಯಾಗಿತ್ತು. ಕೂದಲಲ್ಲಿ ಜೇಡಿಮಣ್ಣು. ಹೆಗಲ ಮೇಲೆ ಸಿಂಹ ಬಾಯಿ ತೆರೆದು ನಿದ್ದೆ ಮಾಡುತ್ತಿತ್ತು, ಅದರ ಜೊಲ್ಲು ಭಾವನ ಕಾಲರಿನ ಮೇಲೆ ಇಳಿದಿತ್ತು.

"ಮೆಲ್ಲಗೆ ಮಾತಾಡ್ರೀ," ಅಂತ ಆ ಮನುಷ್ಯ ಜನರಿಗೆ ಪಿಸುಗುಟ್ಟಿದ. ಅವನಿಗೆ ಪಿಸುಗುಟ್ಟಲು ಬರುತ್ತದೆ ಅಂತ ಊರಿಗೆ ಗೊತ್ತಾದದ್ದು ಅವತ್ತೇ. ದೊಡ್ಡಕ್ಕ ಮಗುವನ್ನು ಅವನ ಹೆಗಲಿಂದ ಬಿಡಿಸಿಕೊಳ್ಳುವುದಕ್ಕೆ ಸಾಕುಬೇಕಾಯಿತು. ಬಿಡಿಸಿಕೊಂಡ ಮೇಲೂ ಅವನು ಹೆಗಲನ್ನು ಹಾಗೇ ಓರೆಯಾಗಿ ಹಿಡಿದು ನಿಂತಿದ್ದ.

ವ್ಯಾನಿನ ಮುಂದೆ ಡಾಕ್ಟರು, ಡ್ರೈವರು, ಔಷಧಿಯ ಪೆಟ್ಟಿಗೆ, ಇಷ್ಟಕ್ಕೇ ಜಾಗ. ಭಾವ ಭಾವ ಇಬ್ಬರೂ ಬೋನಿನಲ್ಲಿ ಕೂತರು. "ಅಯ್ಯಯ್ಯೋ, ಮಾಮನ್ನ ಹಿಡ್ಕೊಂಡು ಹೋದ್ರು!" ಅಂತ ಬೀದಿಯ ಆ ತುದಿಯಲ್ಲಿ ವಿಷಯ ತಿಳಿಯದ ಯಾರೋ ಬಾಯಿ ಬಡಿದುಕೊಂಡರು. ಚೌಕದಲ್ಲಿ ಟ್ರಾಫಿಕ್ ಪೊಲೀಸು ವ್ಯಾನಿಗೆ ಕೈ ಅಡ್ಡ ಹಿಡಿದವನು ಸರಳಿನ ಹಿಂದೆ ನೋಡಿ ಹೌಹಾರಿದ.

"ಮಾಮ! ಏನು ಮಾಡ್ಬಿಟ್ರಿ?"

"ಅರ್ಜಿ ತುಂಬಿದೆ ಕಣೋ ಗಾಳಿಪಟ!"

ಅವನು ಒಂದು ಮಾತೂ ಕೇಳದೆ ಉಳಿದ ಮೂರು ದಿಕ್ಕಿನ ಗಾಡಿಗಳನ್ನು ನಿಲ್ಲಿಸಿ ವ್ಯಾನನ್ನು ಬಿಟ್ಟ.

ಬೋನಿನಲ್ಲಿ ಗೋಡೌನ್ ಭಾವ ಸರಳು ಹಿಡಿದುಕೊಂಡು ಕೇಳಿದ. "ನನ್ನ ಮಗಳೂ ನಿಮ್ಮಲ್ಲಿಗೇ ಬರ್ತಿದ್ಲಲ್ವಾ ಭಾವ? ಅವಳಿಗೆ ಯಾವ ಚಿತ್ರ ಕೊಟ್ಟಿದ್ರಿ?"

"ಗುಬ್ಬಚ್ಚಿ. ಕಿಟಕಿ ಪಕ್ಕದ ಗೂಟ."

"ನನಗೆ ಗೊತ್ತೇ ಇಲ್ಲ ನೋಡಿ. ಅಂಗಡಿ ಹೊಸದು ಆಗ. ನಾವು ಗಂಡ ಹೆಂಡತಿ ಇಬ್ರೂ ಅಲ್ಲೇ. ಬಿಡೋದು, ಕರ್ಕೊಂಡು ಬರೋದು ಎಲ್ಲ ನನ್ನ ತಂಗೀನೇ ಮಾಡಿದ್ದು. ಈ ತೊಡೆ ಮೇಲೆ ಒಂದು ಮಗು ಮಲಗಿದ್ದು ಇವತ್ತೇ ಮೊದಲು ಭಾವ. ಕಾಲು ಜೋಮು ಹಿಡಿದ್ರೂ ಅಲ್ಲಾಡಲಿಲ್ಲ ನಾನು."

ಮಾಮ ಏನು ಹೇಳುತ್ತಿದ್ದನೋ, ಅಷ್ಟರಲ್ಲಿ ಕಚೇರಿ ಬಂತು.

ಅಲ್ಲಿನ ಅಧಿಕಾರಿಣಿ ಮೇಜಿನ ಮೇಲಿನದನ್ನೆಲ್ಲ ಚೀಲಕ್ಕೆ ತುಂಬಿಕೊಳ್ಳುತ್ತಿದ್ದರು. ಕಥೆಯನ್ನೆಲ್ಲ ಕೇಳಿ, ತುಟಿಯ ಮೂಲೆ ಬಿಗಿಹಿಡಿದು, ಅರ್ಜಿ ಓದಿದರು. ಓದಿ ಕೆಳಗಿಟ್ಟರು.

"ಇದೆಲ್ಲ ಆರೈಕೆ ಆಯ್ತು. ಅನುದಾನ ಕಲಿಸೋರಿಗೆ. ನೀವು ಏನು ಕಲಿಸ್ತೀರಿ?"

ಮಾಮ ಯೋಚಿಸಿದ. ತೊಳೆಸುವುದು, ಮಲಗಿಸುವುದು, ಎತ್ತಿಕೊಳ್ಳುವುದು. ಎಷ್ಟು ತಡಕಿದರೂ ಕಲಿಸಿದ್ದು ಅಂತ ಒಂದೂ ಕೈಗೆ ಸಿಗಲಿಲ್ಲ. ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ.

"ಏನೂ ಇಲ್ಲ ಅನ್ಸುತ್ತೆ ಮೇಡಂ," ಅಂದ.

"ಏನೂ ಇಲ್ವಾ?" ಪಕ್ಕದಿಂದ ಗುಡುಗಿದ್ದು ಗೋಡೌನ್ ಭಾವ. ದನಿ ಪೂರ್ತಿ ವಾಪಸ್ ಬಂದಿತ್ತು. "ಮೇಡಂ, ನಾನು ಹೇಳ್ತೀನಿ ಕೇಳಿ. ಬೆಳಿಗ್ಗೆ ಇಬ್ರು ಒಂದೇ ಬಿಸ್ಕತ್ತು ಹಿಡ್ಕೊಂಡು ಕಿತ್ತಾಡ್ತಿದ್ರು. ನಾನಾಗಿದ್ರೆ ಇನ್ನೊಂದು ಕೊಟ್ಟು ಬಾಯಿ ಮುಚ್ಚಿಸ್ತಿದ್ದೆ. ಡಬ್ಬಿ ತುಂಬ ಇತ್ತು! ಈ ಮನುಷ್ಯ ಕೊಡಲಿಲ್ಲ. ಬೈಯಲೂ ಇಲ್ಲ. ಸುಮ್ನೆ ಪಕ್ಕದಲ್ಲಿ ಕೂತ್ಕೊಂಡ್ರು. ಅವು ಅತ್ತವು, ಎಳೆದಾಡಿದವು, ಕೊನೆಗೆ ತಾವೇ ಮುರಿದು ಅರ್ಧರ್ಧ ತಿಂದವು. ಅಲ್ಲೀವರೆಗೂ ಕೂತಿದ್ರು! ನಾನೂ ನನ್ನ ತಮ್ಮನೂ ಒಂದು ಅಂಗಡಿ ಪಾಲು ಮಾಡ್ಕೊಳ್ಳೋಕೆ ಏಳು ವರ್ಷ ಕೋರ್ಟಿಗೆ ಅಲೆದೋರು ಮೇಡಂ. ಈಗ್ಲೂ ಮಾತಿಲ್ಲ. ನಮಗೆ ಇದನ್ನ ಆ ವಯಸ್ಸಲ್ಲಿ ಯಾರಾದ್ರೂ ಕಲಿಸಿದ್ರೆ ಆಗ್ತಿರ್ಲಿಲ್ವಾ?"

ಅಧಿಕಾರಿಣಿ ಪೆನ್ನು ಕೈಗೆತ್ತಿಕೊಂಡರು. ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ಒಂದು ಮಾತು ಕೇಳಿದರು. "ತಾವು ಇವರಿಗೆ ಏನಾಗ್ಬೇಕು?"

"ನಾನಾ? ಒಂದನೇ ತಾರೀಖಿನಿಂದ ಇವರಿಗೆ ಕೆಲಸ ಕೊಡೋನು!" ಅಂದ ಭಾವ ಎದೆಯುಬ್ಬಿಸಿ.

ಪೆನ್ನು ಕೆಳಗೆ ಬಂತು. "ಬೇರೆ ಕಡೆ ಕೆಲಸಕ್ಕೆ ಹೋಗೋರಿಗೆ ಅನುದಾನ ಇಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗೋಡೌನ್ ಭಾವ ಮಾಮನನ್ನು ನೋಡಿದ. ಮಾಮ ನೆಲ ನೋಡುತ್ತಿದ್ದ. ಭಾವ ಬೆವತ. "ಇಲ್ಲ! ಕೊಡಲ್ಲ! ಯಾರ್ರೀ ಕೊಡ್ತಾರೆ ಇವರಿಗೆ ಕೆಲಸ?"

"ಬರೆದು ಕೊಡಿ."

ವ್ಯಾಪಾರದಲ್ಲಿ ಪಳಗಿದ ಕೈ ಅದು, ಬಾಯಲ್ಲಿ ಹೇಳಿಕೊಳ್ಳುತ್ತ ಸರಸರ ಬರೆಯಿತು: "ಈ ಮನುಷ್ಯ ನನ್ನ ಗೋಡೌನಿಗೆ ಎಳ್ಳಷ್ಟೂ ಪ್ರಯೋಜನವಿಲ್ಲ. ಇವರನ್ನು ಅಲ್ಲಿ ಬಿಟ್ಟರೆ ಬಕೆಟ್ಟುಗಳಿಗೆ ಮಧ್ಯಾಹ್ನ ಹೊದಿಕೆ ಹೊದಿಸುತ್ತಾರೆ, ಒಂದನ್ನೂ ಮಾರಗೊಡುವುದಿಲ್ಲ. ಆದ್ದರಿಂದ ನನ್ನ ಜೀವ ಇರುವವರೆಗೆ ಇವರಿಗೆ ನನ್ನಲ್ಲಿ ಕೆಲಸ ಇಲ್ಲ." ಕೆಳಗೆ ಉದ್ದನೆಯ ಸಹಿ. ಇಷ್ಟು ಪ್ರೀತಿಯಿಂದ ಯಾರೂ ಯಾರಿಗೂ ಕೆಲಸ ನಿರಾಕರಿಸಿರಲಿಕ್ಕಿಲ್ಲ.

"ಸ್ಥಳ ಪರಿಶೀಲನೆ ಆಗ್ಬೇಕಲ್ಲ? ಸರ್ಕಾರಿ ಅಧಿಕಾರಿ ಯಾರಾದ್ರೂ ನೋಡಿರಬೇಕು. ಇವತ್ತಿಗೆ ಗಡುವು ಮುಗೀತು," ಅಂದರು ಅಧಿಕಾರಿಣಿ.

"ನಾನೇನು ಖಾಸಗಿ ಡಾಕ್ಟರಾ?" ಅಂತ ಪ್ರಾಣಿ ಡಾಕ್ಟರು ಮುಂದೆ ಬಂದರು. ತಮ್ಮ ಇಲಾಖೆಯ ಹಾಳೆಯಲ್ಲೇ ಬರೆದು ಮೊಹರು ಒತ್ತಿದರು: "ಸ್ಥಳ ಪರಿಶೀಲಿಸಿದೆ. ಎಲ್ಲವೂ ಆರೋಗ್ಯವಾಗಿವೆ, ಭಯವಿಲ್ಲದೆ ಇವೆ. ಆನೆಗೆ ಮಾತ್ರ ನೆಗಡಿ."

ಅಧಿಕಾರಿಣಿ ಇಷ್ಟು ಹೊತ್ತು ಬಿಗಿಹಿಡಿದಿದ್ದ ನಗು ಆಗ ಹೊರಗೆ ಬಂತು. ನಗುತ್ತಲೇ ಅರ್ಜಿಗೆ ಸಹಿ ಹಾಕಿದರು. ಮಾಮ ಸಂತೋಷದ ಗಡಿಬಿಡಿಯಲ್ಲಿ ಅವರಿಗೆ ಕೈಮುಗಿದು, ಡಾಕ್ಟರಿಗೆ ಕೈಮುಗಿದು, ಗೋಡೆಯ ಪಕ್ಕ ನಿಂತಿದ್ದ ಕಬ್ಬಿಣದ ಬೀರುವಿಗೂ ಕೈಮುಗಿದು ಹೊರಗೆ ಬಂದ.

ವ್ಯಾನು ಹೋಯಿತು. ಭಾವ ಭಾವ ಇಬ್ಬರೂ ಬೀದಿಯ ಅಂಚಿನಲ್ಲಿ ನಡೆಯತೊಡಗಿದರು. ಕಚೇರಿಗಳು ಬಿಡುವ ಹೊತ್ತು, ಜನ ಮನೆಗಳ ಕಡೆ ಹೋಗುತ್ತಿದ್ದರು.

"ಆಗ ನನ್ನ ಮಗಳು ನನ್ನ ಕೇಳ್ತಿದ್ಲಾ ಭಾವ?" ಅಂದ ಗೋಡೌನ್ ಭಾವ, ಮುಂದೆ ನೋಡುತ್ತಲೇ.

ಹೆಸರು, ತಾರೀಖು, ಬೀಗದಕೈ ಏನೂ ನೆನಪಿಲ್ಲದ ಮಾಮನಿಗೆ ಇದು ನಿನ್ನೆ ನಡೆದ ಹಾಗೆ ನೆನಪಿತ್ತು. ಹೇಳಬಾರದಿತ್ತೇನೋ. ಆದರೆ ಕೇಳಿದ್ದಕ್ಕೆ ಇದ್ದದ್ದು ಹೇಳುವುದೊಂದೇ ಅವನಿಗೆ ಬರುತ್ತಿದ್ದದ್ದು.

"ಕೇಳ್ತಿದ್ಲು. ಚಾಪೇನ ಬಾಗಿಲ ಹತ್ತಿರಾನೇ ಹಾಸಿ ಅಂತ ಹಟ ಮಾಡ್ತಿದ್ಲು. ಅಪ್ಪ ಬಂದ್ರೆ ಹುಡುಕೋದು ಬೇಡ, ತಕ್ಷಣ ಕಾಣ್ತೀನಿ ಅಂತ."

ಗೋಡೌನ್ ಭಾವ ನಿಂತುಬಿಟ್ಟ. ಜನ ಅವನನ್ನು ಬಳಸಿಕೊಂಡು ಹೋದರು. ಅವನ ದೊಡ್ಡ ಮುಖ ಒಮ್ಮೆ ಕೆಂಪಾಯಿತು, ಕಣ್ಣು ತುಂಬಿಕೊಂಡಿತು. ಅದನ್ನು ಒರೆಸಿಕೊಳ್ಳದೆ ಜೇಬಿನಿಂದ ಫೋನು ತೆಗೆದು ಮಗಳಿಗೆ ಹಚ್ಚಿದ. ಅವಳು ಈಗ ಆ ಊರಲ್ಲೇ ಒಬ್ಬ ವಕೀಲರ ಆಫೀಸಿನಲ್ಲಿ ಕೆಲಸ ಮಾಡುವ ದೊಡ್ಡ ಹುಡುಗಿ.

"ಹೇಳಪ್ಪ, ಬೇಗ. ಕೆಲಸ ಇದೆ," ಅನ್ನುವ ದನಿ ಮಾಮನಿಗೂ ಕೇಳಿಸಿತು.

"ಏನಿಲ್ಲ ಮಗಳೇ. ಎಷ್ಟು ಹೊತ್ತಿಗೆ ಬಿಡ್ತಾರೆ ಅಲ್ಲಿ? ನಾನು ಬರ್ತೀನಿ, ಕರ್ಕೊಂಡು ಹೋಗೋಕೆ."

ಆ ಕಡೆಯ ದನಿಯಲ್ಲಿ ಗಾಬರಿ. "ಯಾಕಪ್ಪ? ಏನಾಯ್ತು?"

"ಏನೂ ಆಗಿಲ್ಲಮ್ಮ," ಅಂದ ಗೋಡೌನ್ ಭಾವ. "ಬರೋದು ಸ್ವಲ್ಪ ತಡ ಆಯ್ತು, ಅಷ್ಟೇ."